ಓದುಗರ ಪ್ರಶ್ನೆಗೆ ದಂತವೈದ್ಯರ ಉತ್ತರ: ಡೆಂಟಲ್ ಚೇರು ಬೆಳೆದು ಬಂದ ದಾರಿ, ಆರಿಸುವ ಬಗೆ

ಹಲ್ಲಿನ ಚಿಕಿತ್ಸೆಯ ಕುರ್ಚಿಯನ್ನು ಕುರಿತು ಬಂದಿರುವ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕೇಳಿದವರಲ್ಲಿ ಮೊದಲ ಕ್ಲಿನಿಕ್ ತೆರೆಯಲು ಹೊರಟವರಿದ್ದಾರೆ, ಹಲವು ವರ್ಷಗಳಿಂದ ವೃತ್ತಿಯಲ್ಲಿರುವವರಿದ್ದಾರೆ, ಆ ಕುರ್ಚಿಯ ಮೇಲೆ ಬಾಯಿ ತೆರೆದು ಮಲಗುವ ರೋಗಿಗಳೂ ಇದ್ದಾರೆ.

ಪ್ರಶ್ನೆ: ಹಳೆಯ ಚಿತ್ರಗಳಲ್ಲಿ ರೋಗಿ ನೆಟ್ಟಗೆ ಕುಳಿತಿರುತ್ತಾನೆ, ದಂತವೈದ್ಯರು ಪಕ್ಕದಲ್ಲಿ ನಿಂತಿರುತ್ತಾರೆ. ಈಗ ರೋಗಿ ಮಲಗಿರುತ್ತಾನೆ, ವೈದ್ಯರು ಕುಳಿತಿರುತ್ತಾರೆ. ಈ ಬದಲಾವಣೆ ಯಾವಾಗ ಆಯಿತು, ಏಕೆ ಆಯಿತು?

ಉತ್ತರ: ಡೆಂಟಲ್ ಚೇರಿನ ಚರಿತ್ರೆಯ ಮುಖ್ಯ ತಿರುವನ್ನೇ ನೀವು ಗುರುತಿಸಿದ್ದೀರಿ. ಅದಕ್ಕೂ ಹಿಂದೆ ಹೋದರೆ ಕುರ್ಚಿಯೇ ಇರಲಿಲ್ಲ. ಹಲ್ಲು ಕೀಳುವವನು ರೋಗಿಯನ್ನು ನೆಲದ ಮೇಲೆ ಕೂರಿಸಿ, ಅವನ ತಲೆಯನ್ನು ತನ್ನ ಮೊಣಕಾಲುಗಳ ನಡುವೆ ಅದುಮಿ ಹಿಡಿದು ಕೆಲಸ ಮುಗಿಸುತ್ತಿದ್ದ. ಫ್ರಾನ್ಸಿನ ಪಿಯರ್ ಫೋಶಾರ್ 1728ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ರೂಢಿಯನ್ನು ವಿರೋಧಿಸಿ, ರೋಗಿಯನ್ನು ಅಲುಗಾಡದ ತೋಳುಕುರ್ಚಿಯಲ್ಲಿ ಕೂರಿಸಬೇಕೆಂದು ಬರೆದರು. ಆದರೆ ಅವರು ಹೇಳಿದ್ದು ಮನೆಯಲ್ಲಿರುವಂಥ ಕುರ್ಚಿಯನ್ನೇ. ದಂತ ಚಿಕಿತ್ಸೆಗೆಂದೇ ಮಾಡಿದ ಕುರ್ಚಿಯ ಗೌರವ ಸಾಮಾನ್ಯವಾಗಿ ಅಮೆರಿಕದ ಬಾಸ್ಟನ್ನಿನ ಜೋಸಾಯ ಫ್ಲ್ಯಾಗ್ ಅವರಿಗೆ ಸಲ್ಲುತ್ತದೆ. ಅವರು 1790ರ ಸುಮಾರಿಗೆ ಒಂದು ವಿಂಡ್ಸರ್ ಮಾದರಿಯ ಮರದ ಕುರ್ಚಿಗೆ ಮೇಲೆ ಕೆಳಗೆ ಸರಿಸಬಹುದಾದ ತಲೆಯಾಸರೆಯನ್ನೂ, ಉಪಕರಣಗಳನ್ನಿಡಲು ಅಗಲವಾದ ತೋಳನ್ನೂ ಕೂಡಿಸಿದರು. ಇಂದಿನ ಕುರ್ಚಿಯ ಹೆಡ್‌ರೆಸ್ಟ್ ಮತ್ತು ಟ್ರೇ ಎರಡರ ಮೂಲವೂ ಆ ಮರದ ಕುರ್ಚಿಯಲ್ಲಿದೆ.

1832ರಲ್ಲಿ ಲಂಡನ್ನಿನ ಜೇಮ್ಸ್ ಸ್ನೆಲ್ ಹಿಂದಕ್ಕೆ ವಾಲುವ ಕುರ್ಚಿಯನ್ನು ರೂಪಿಸಿದರು. 1860ರ ದಶಕದ ಕೊನೆಯಲ್ಲಿ ಅಮೆರಿಕದ ಜೇಮ್ಸ್ ಮಾರಿಸನ್ ಎತ್ತ ಬೇಕಾದರೂ ಓರೆಯಾಗಬಲ್ಲ ಕುರ್ಚಿಯನ್ನು ತಂದರು. ಅದೇ ಮಾರಿಸನ್ 1871ರಲ್ಲಿ ಕಾಲಿನಿಂದ ತುಳಿದು ನಡೆಸುವ ಹಲ್ಲು ಕೊರೆಯುವ ಯಂತ್ರಕ್ಕೂ ಹಕ್ಕುಪತ್ರ ಪಡೆದರು. 1877ರ ವಿಲ್ಕರ್ಸನ್ ಕುರ್ಚಿಯಲ್ಲಿ ಮೊದಲ ಬಾರಿಗೆ ದ್ರವದ ಒತ್ತಡದ ಪಂಪು ಬಂದು, ಪೆಡಲ್ ಒತ್ತಿದರೆ ರೋಗಿ ಮೇಲೇಳುವಂತಾಯಿತು. ಆ ಕಾಲದ ಎರಕದ ಕಬ್ಬಿಣದ ಕುರ್ಚಿಗಳನ್ನು ವಸ್ತುಸಂಗ್ರಹಾಲಯಗಳಲ್ಲಿ ನೋಡಿದರೆ, ಅವುಗಳ ಹೂಬಳ್ಳಿಯ ಅಲಂಕಾರ ಮತ್ತು ಮಖಮಲ್ಲಿನ ಹೊದಿಕೆ ಕಣ್ಸೆಳೆಯುತ್ತವೆ. ಆದರೂ ಗಮನಿಸಬೇಕಾದದ್ದು ಬೇರೆ: ಕುರ್ಚಿ ಏಕೆ ಮೇಲೇಳಬೇಕಿತ್ತು? ವೈದ್ಯನು ನಿಂತಿದ್ದುದರಿಂದ, ರೋಗಿಯ ಬಾಯಿಯನ್ನು ಅವನ ಮೊಣಕೈಯ ಎತ್ತರಕ್ಕೆ ತರಲು. ಮುಂದಿನ ಸುಮಾರು 80 ವರ್ಷಗಳ ಕಾಲ ಕುರ್ಚಿಗಳು ಎಷ್ಟೇ ಸುಧಾರಿಸಿದರೂ ವೈದ್ಯನು ಒಂದು ಕಾಲಿನ ಮೇಲೆ ಭಾರ ಹಾಕಿ, ಸೊಂಟ ತಿರುಚಿ, ಕತ್ತು ಬಗ್ಗಿಸಿ ದಿನವಿಡೀ ನಿಲ್ಲುವುದು ಮಾತ್ರ ತಪ್ಪಲಿಲ್ಲ.

ಅದನ್ನು ತಪ್ಪಿಸಿದ್ದರಲ್ಲಿ ಕುರ್ಚಿ ತಯಾರಕರಷ್ಟೇ ಪಾಲು ಹಲ್ಲು ಕೊರೆಯುವ ಯಂತ್ರಕ್ಕೂ ಇದೆ ಎಂಬುದು ನನ್ನ ಅಭಿಪ್ರಾಯ. 1957ರಲ್ಲಿ ಅಮೆರಿಕದ ದಂತವೈದ್ಯ ಜಾನ್ ಬಾರ್ಡನ್ ಅವರ ಏರೋಟರ್ ಮಾರುಕಟ್ಟೆಗೆ ಬಂತು. ಗಾಳಿಯ ಒತ್ತಡದಿಂದ ನಿಮಿಷಕ್ಕೆ 3 ಲಕ್ಷ ಸುತ್ತುಗಳವರೆಗೆ ತಿರುಗುವ ಯಂತ್ರ ಅದು. ಅಂದು ಒಂದು ಮಾದರಿಯ ಹೆಸರಾಗಿದ್ದದ್ದು ಇಂದು ನಮ್ಮೆಲ್ಲರ ಬಾಯಲ್ಲಿ ಆ ಉಪಕರಣದ ಹೆಸರೇ ಆಗಿದೆ. ಅಷ್ಟು ವೇಗದಲ್ಲಿ ಕೊರೆದರೆ ಹಲ್ಲು ಕಾಯುತ್ತದೆ, ಒಳಗಿನ ತಿರುಳು ಸಾಯುವ ಅಪಾಯವಿರುತ್ತದೆ. ಆದ್ದರಿಂದ ನೀರು ಚಿಮುಕಿಸುತ್ತಲೇ ಕೊರೆಯಬೇಕು. ನೀರು ಬಿಟ್ಟರೆ ಬಾಯಿ ತುಂಬುತ್ತದೆ, ರೋಗಿ ಪ್ರತಿ ಅರೆನಿಮಿಷಕ್ಕೊಮ್ಮೆ ಎದ್ದು ಉಗುಳಿದರೆ ಕೆಲಸ ಸಾಗುವುದಿಲ್ಲ. ಹಾಗಾಗಿ ನೀರನ್ನು ಜೋರಾಗಿ ಎಳೆದುಕೊಳ್ಳುವ ಸಕ್ಷನ್ ಬೇಕಾಯಿತು, ಅದನ್ನು ಹಿಡಿಯಲು ಎದುರು ಬದಿಯಲ್ಲಿ ಒಬ್ಬ ಸಹಾಯಕರು ಬೇಕಾದರು. ಇಬ್ಬರೂ ಒಂದೇ ಬಾಯೊಳಗೆ ನೋಡಬೇಕಾದರೆ ರೋಗಿ ಮಲಗಿರಬೇಕು, ಇವರಿಬ್ಬರೂ ಅವನ ತಲೆಯ ಆಚೀಚೆ ಕುಳಿತಿರಬೇಕು. 1958ರಲ್ಲಿ ಪೂರ್ತಿ ಹಿಂದಕ್ಕೆ ಮಲಗಿಸುವ ಕುರ್ಚಿ ಬಂತು. 1960ರ ದಶಕದಲ್ಲಿ ವೈದ್ಯ ಮತ್ತು ಸಹಾಯಕರು ಕುಳಿತು ಒಟ್ಟಿಗೆ ಮಾಡುವ ‘ನಾಲ್ಕು ಕೈಗಳ’ ಪದ್ಧತಿ ಹರಡಿತು. ಅದೇ ದಶಕದಲ್ಲಿ ಜಪಾನಿನಲ್ಲಿ ನೆಲೆಸಿದ್ದ ಅಮೆರಿಕದ ದಂತವೈದ್ಯ ಡೆರಿಲ್ ಬೀಚ್ ಅವರು ವೈದ್ಯನ ದೇಹ ಸಹಜವಾಗಿ ಕುಳಿತಾಗ ಬೆರಳುಗಳು ಎಲ್ಲಿ ಬಂದು ನಿಲ್ಲುತ್ತವೆಯೋ ಅಲ್ಲಿಗೆ ರೋಗಿಯ ಬಾಯಿ ಬರಬೇಕೆಂಬ ತತ್ತ್ವದ ಮೇಲೆ, ಸಮತಲವಾಗಿ ಮಲಗಿಸುವ ಕುರ್ಚಿಯನ್ನು ರೂಪಿಸಿದರು. ಇಂದು ನೀವು ಯಾವ ಕ್ಲಿನಿಕ್ಕಿಗೆ ಹೋದರೂ ಕಾಣುವ ಕುರ್ಚಿ ಈ ಹತ್ತು ಹನ್ನೆರಡು ವರ್ಷಗಳಲ್ಲಿ ಹುಟ್ಟಿದ್ದು. ನಂತರ ಬಂದ, ಕುರ್ಚಿಯ ಸ್ಥಿತಿಯನ್ನು ನೆನಪಿಟ್ಟುಕೊಳ್ಳುವ ಗುಂಡಿಗಳು, ಪರದೆಗಳು, ಎಲ್‌ಇಡಿ ದೀಪಗಳು ಅದಕ್ಕೆ ಸೇರಿದ ಅನುಕೂಲಗಳು.

ಪ್ರಶ್ನೆ: ನಾನು ಮೊದಲ ಕ್ಲಿನಿಕ್ ತೆರೆಯುತ್ತಿದ್ದೇನೆ. ಮಾರಾಟಗಾರರ ಕೈಪಿಡಿಗಳನ್ನು ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ಹೈಡ್ರಾಲಿಕ್ ಒಳ್ಳೆಯದೋ, ಎಲೆಕ್ಟ್ರಿಕ್ ಒಳ್ಳೆಯದೋ? ಹ್ಯಾಂಡ್‌ಪೀಸುಗಳು, ಅಂದರೆ ಕೊರೆಯುವ ಯಂತ್ರದಂಥ ಕೈಯಲ್ಲಿ ಹಿಡಿಯುವ ಉಪಕರಣಗಳು, ಮೇಲಿನಿಂದ ಬರಬೇಕೋ, ಕೆಳಗೆ ತೂಗಬೇಕೋ? ಎಲ್ಲಿಂದ ಶುರು ಮಾಡಲಿ?

ಉತ್ತರ: ಕೈಪಿಡಿಯನ್ನು ಬದಿಗಿಟ್ಟು ಕುರ್ಚಿಯ ಮೇಲೆ ಮಲಗುವುದರಿಂದ ಶುರು ಮಾಡಿ ಡಾಕ್ಟರೇ. ಎರಡು ನಿಮಿಷ ಒರಗಿ ಏಳುವುದಲ್ಲ. ಇಪ್ಪತ್ತು ನಿಮಿಷ, ಬಾಯಿ ತೆರೆದು, ದೀಪ ಹಚ್ಚಿಸಿಕೊಂಡು ಮಲಗಿ. ಬೆನ್ನು ಹಿಂದಕ್ಕೆ ಹೋಗುವಾಗ ನಿಮ್ಮ ಅಂಗಿ ಮೇಲಕ್ಕೆಳೆದುಕೊಂಡು ಸೊಂಟದ ಹತ್ತಿರ ಮುದುಡಿಕೊಂಡರೆ, ಬೆನ್ನಿನ ಭಾಗವೂ ಆಸನವೂ ಒಂದಕ್ಕೊಂದು ಹೊಂದಿಕೊಂಡು ಚಲಿಸುತ್ತಿಲ್ಲವೆಂದು ಅರ್ಥ. ರೋಗಿ ಆಗ ಕೆಳಕ್ಕೆ ಜಾರುತ್ತಾನೆ, ತಲೆ ಹೆಡ್‌ರೆಸ್ಟಿನಿಂದ ಇಳಿಯುತ್ತದೆ, ನೀವು ದಿನಕ್ಕೆ ಇಪ್ಪತ್ತು ಸಲ ‘ಸ್ವಲ್ಪ ಮೇಲೆ ಬನ್ನಿ’ ಎನ್ನಬೇಕಾಗುತ್ತದೆ. ಕೈಗಳಿಗೆ ಆಸರೆ ಸಿಗುತ್ತದೆಯೇ ನೋಡಿ. ಹೆದರಿದ ರೋಗಿಯ ಬೆರಳುಗಳು ಆರ್ಮ್‌ರೆಸ್ಟಿನ ತುದಿಯನ್ನು ಬಿಗಿಯಾಗಿ ಹಿಡಿದು ಬೆಳ್ಳಗಾಗುವುದನ್ನು ನಾನು ಪ್ರತಿದಿನ ಕಾಣುತ್ತೇನೆ. ಆ ತುದಿ ಚೂಪಾಗಿದ್ದರೆ, ಸಡಿಲವಾಗಿದ್ದರೆ, ಅವರ ಹೆದರಿಕೆ ಹೆಚ್ಚುತ್ತದೆ.

ಅನಂತರ ಎದ್ದು ವೈದ್ಯರ ಸ್ಟೂಲಿನ ಮೇಲೆ ಕುಳಿತು, ನಿಮ್ಮಷ್ಟೇ ಎತ್ತರದ ಯಾರನ್ನಾದರೂ, ಆಮೇಲೆ ಒಂದು ಮಗುವಿನಷ್ಟು ಪುಟ್ಟ ಆಳನ್ನು ಮಲಗಿಸಿ. ನಿಮ್ಮ ಪಾದಗಳು ನೆಲದ ಮೇಲೆ ಪೂರ್ತಿ ಊರಿರುವಾಗ, ತೋಳುಗಳು ಮೈಗೆ ಹತ್ತಿರವಿರುವಾಗ, ರೋಗಿಯ ಬಾಯಿ ನಿಮ್ಮ ಮೊಣಕೈಯ ಮಟ್ಟಕ್ಕೆ ಬರುತ್ತದೆಯೇ? ಕುರ್ಚಿ ಸಾಕಷ್ಟು ಕೆಳಗಿಳಿಯದಿದ್ದರೆ ಗಿಡ್ಡನೆಯ ವೈದ್ಯರು ಭುಜ ಎತ್ತಿಕೊಂಡೇ ಕೆಲಸ ಮಾಡಬೇಕಾಗುತ್ತದೆ. ಬೆನ್ನಿನ ಹಲಗೆ ದಪ್ಪವಾಗಿದ್ದರೆ ನಿಮ್ಮ ತೊಡೆಗಳು ಅದರಡಿ ಸೇರುವುದಿಲ್ಲ. ಆಗ ನೀವು ದೂರ ಕುಳಿತು ಮುಂದಕ್ಕೆ ಬಾಗುತ್ತೀರಿ. ಗಡಿಯಾರದ ಮುಖದಲ್ಲಿ ರೋಗಿಯ ತಲೆ 12 ಗಂಟೆಯ ಕಡೆಗಿದೆ ಎಂದುಕೊಳ್ಳಿ. ಬಲಗೈಯವರಾದರೆ 9ರಿಂದ 12ರವರೆಗೆ ಸ್ಟೂಲನ್ನು ತಡೆಯಿಲ್ಲದೆ ಉರುಳಿಸಲು ಆಗಬೇಕು, ಕುರ್ಚಿಯ ತಳವಾಗಲಿ ಪೆಡಲ್ಲಿನ ತಂತಿಯಾಗಲಿ ಅಡ್ಡ ಬರಬಾರದು. ಹೆಡ್‌ರೆಸ್ಟ್ ಎರಡು ಕೀಲುಗಳಿಂದ ಮಡಚುವಂತಿದ್ದರೆ ಮೇಲ್ದವಡೆಯ ಹಿಂದಿನ ಹಲ್ಲುಗಳಿಗಾಗಿ ಗಲ್ಲವನ್ನು ಮೇಲೆತ್ತಿಸುವುದು ಸುಲಭ. ಈ ವೃತ್ತಿಯಲ್ಲಿ ಕತ್ತು ಮತ್ತು ಸೊಂಟದ ನೋವು ಎಷ್ಟು ಸಾಮಾನ್ಯವೆಂಬುದನ್ನು ಹಿರಿಯ ಸಹೋದ್ಯೋಗಿಗಳನ್ನು ಕೇಳಿದರೆ ತಿಳಿಯುತ್ತದೆ. ನಾನು ಮೊದಲ ಕುರ್ಚಿಯನ್ನು ಅದರ ಹೊಳಪು ನೋಡಿ ಕೊಂಡೆ. ದಪ್ಪ ಬೆನ್ನಿನ ಆ ಕುರ್ಚಿಯ ಪಕ್ಕದಲ್ಲಿ ಆರು ವರ್ಷ ಬಾಗಿದ್ದರ ಫಲವನ್ನು ನನ್ನ ಬಲಭುಜ ಇಂದಿಗೂ ಅನುಭವಿಸುತ್ತಿದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹೈಡ್ರಾಲಿಕ್ ಮತ್ತು ಎಲೆಕ್ಟ್ರಿಕ್ ಎಂಬ ವಿಷಯಕ್ಕೆ ಮಾರಾಟಗಾರರು ಕೊಡುವಷ್ಟು ಮಹತ್ವವನ್ನು ನಾನು ಕೊಡುವುದಿಲ್ಲ. ಎಣ್ಣೆಯ ಒತ್ತಡದಿಂದ ಏಳುವ ಕುರ್ಚಿ ಮೆತ್ತಗೆ, ಸದ್ದಿಲ್ಲದೆ ಚಲಿಸುತ್ತದೆ. ವಯಸ್ಸಾದಂತೆ ಸೀಲುಗಳು ಸವೆದು ಎಣ್ಣೆ ಸೋರಬಹುದು, ಏರಿಸಿಟ್ಟ ಕುರ್ಚಿ ತಾನೇ ಮೆಲ್ಲನೆ ಇಳಿಯಬಹುದು. ಮೋಟಾರು ಮತ್ತು ಸ್ಕ್ರೂವಿನಿಂದ ನಡೆಯುವ ಕುರ್ಚಿಯಲ್ಲಿ ಎಣ್ಣೆಯ ರಗಳೆಯಿಲ್ಲ, ಆದರೆ ಅಗ್ಗದ ಮೋಟಾರು ಹೊರಡುವಾಗಲೂ ನಿಲ್ಲುವಾಗಲೂ ಜಗ್ಗುತ್ತದೆ. ಎರಡರಲ್ಲೂ ಒಳ್ಳೆಯವಿವೆ. 135 ಕಿಲೋ ಹೊರುವ ಕುರ್ಚಿಗಳೂ ಇವೆ, 180 ಕಿಲೋ ಹೊರುವವೂ ಇವೆ. ಆ ಅಂಕಿಯನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಕುರ್ಚಿ ಇಳಿಯುವಾಗ ಅಡಿಯಲ್ಲಿ ಸ್ಟೂಲೋ ಪಾದವೋ ಸಿಕ್ಕಿದರೆ ಅದು ತಾನೇ ನಿಲ್ಲಬೇಕು. ಅಂಗಡಿಯಲ್ಲಿಯೇ ಒಂದು ರಟ್ಟಿನ ಪೆಟ್ಟಿಗೆಯನ್ನಿಟ್ಟು ಪರೀಕ್ಷಿಸಿ.

ಹ್ಯಾಂಡ್‌ಪೀಸುಗಳ ಜಾಗ ನಿಮ್ಮ ಕೆಲಸದ ರೀತಿಯನ್ನು ಅವಲಂಬಿಸಿದೆ. ರೋಗಿಯ ಎದೆಯ ಮೇಲಕ್ಕೆ ಬರುವ ಟ್ರೇಯಲ್ಲಿ ಎಲ್ಲವೂ ಕೈಗೆಟುಕುತ್ತವೆ, ಆದರೆ ರೋಗಿಯ ಕಣ್ಣಿಗೂ ಬೀಳುತ್ತವೆ. ತಲೆಯ ಹಿಂದಿನಿಂದ ಬರುವ ವ್ಯವಸ್ಥೆಯಲ್ಲಿ ರೋಗಿಗೆ ಏನೂ ಕಾಣದು. ಸಹಾಯಕರು ಉಪಕರಣವನ್ನು ಕೈಗಿತ್ತರೆ ಅದು ಸೊಗಸಾಗಿ ನಡೆಯುತ್ತದೆ, ಒಬ್ಬರೇ ಕೆಲಸ ಮಾಡುವವರು ಮಾತ್ರ ಪ್ರತಿ ಸಲ ಸೊಂಟ ತಿರುಚಬೇಕಾಗುತ್ತದೆ. ಟ್ರೇಯ ಅಂಚಿನಿಂದ ಕೆಳಗೆ ತೂಗುವ ಕೊಳವೆಗಳು ಕೈಗೆ ಹಗುರವಾಗಿದ್ದರೆ, ಮೇಲಿನಿಂದ ಬಾಗಿದ ಕೋಲುಗಳಲ್ಲಿ ನಿಲ್ಲುವವು ಜಾಗದಲ್ಲಿ ಅಚ್ಚುಕಟ್ಟು, ಆದರೆ ಹಿಂದಕ್ಕೆ ಎಳೆಯುವ ಬಲ ಮಣಿಕಟ್ಟಿಗೆ ತಿಳಿಯುತ್ತದೆ. ಸಹಾಯಕರಿಲ್ಲದೆ ಆರಂಭಿಸುವುದಾದರೆ ಎದೆಯ ಮೇಲಿನ ಟ್ರೇಯನ್ನೇ ಆರಿಸಿ. ನೀವು ಎಡಗೈಯವರಾದರೆ, ಅಥವಾ ಮುಂದೆ ಅಂಥವರೊಬ್ಬರು ಜೊತೆಗೂಡಬಹುದಾದರೆ, ಎರಡೂ ಬದಿಗೆ ಬದಲಾಯಿಸಬಹುದಾದ ಮಾದರಿಯನ್ನೇ ನೋಡಿ.

ದೀಪದ ಬಗ್ಗೆ ಒಂದು ಸೂಕ್ಷ್ಮ. ಹಲ್ಲಿನ ಕುಳಿ ತುಂಬುವ, ಹಲ್ಲಿನದೇ ಬಣ್ಣದ ಕಾಂಪೋಸಿಟ್ ನೀಲಿ ಬೆಳಕಿಗೆ ಗಟ್ಟಿಯಾಗುವ ವಸ್ತುವಾದ್ದರಿಂದ, ಪ್ರಖರ ಬಿಳಿ ಎಲ್‌ಇಡಿಯ ಅಡಿಯಲ್ಲಿ ನೀವು ಅದನ್ನು ಆಕಾರಕ್ಕೆ ತರುವ ಮೊದಲೇ ಬಿಗಿದುಕೊಳ್ಳತೊಡಗುತ್ತದೆ. ನೀಲಿಯನ್ನು ತೆಗೆದುಹಾಕುವ ಹಳದಿ ಬೆಳಕಿನ ಆಯ್ಕೆ ದೀಪದಲ್ಲಿರಲಿ.

ಕೊನೆಯದಾಗಿ, ನೆಲಕ್ಕೆ ಟೈಲ್ಸ್ ಹಾಕಿಸುವ ಮೊದಲೇ ಕುರ್ಚಿಯನ್ನು ತೀರ್ಮಾನಿಸಿಬಿಡಿ. ಗಾಳಿ, ನೀರು, ವಿದ್ಯುತ್, ಸಕ್ಷನ್, ಕೊಳಕು ನೀರಿನ ಹೊರದಾರಿ, ಈ ಐದೂ ನೆಲದಡಿಯಿಂದ ಕುರ್ಚಿಯ ಬುಡಕ್ಕೆ ಬರಬೇಕು, ಹೊರದಾರಿಗೆ ಇಳಿಜಾರು ಬೇಕು, ಮತ್ತು ಅವು ಎಲ್ಲಿ ಮೇಲೇಳಬೇಕೆಂಬುದು ಒಂದೊಂದು ಮಾದರಿಯಲ್ಲಿ ಒಂದೊಂದು ಕಡೆ. ಕಂಪ್ರೆಸರ್ ಎಣ್ಣೆರಹಿತವಾಗಿರಲಿ, ಗಾಳಿಯ ತೇವ ತೆಗೆಯುವ ಸಾಧನ ಅದಕ್ಕಿರಲಿ. ಎಣ್ಣೆ ಅಥವಾ ನೀರಿನ ಹನಿ ಬೆರೆತ ಗಾಳಿಯಿಂದ ಒಣಗಿಸಿದ ಹಲ್ಲಿಗೆ ಕಾಂಪೋಸಿಟ್ ಸರಿಯಾಗಿ ಅಂಟುವುದಿಲ್ಲ, ತಪ್ಪು ಮಾತ್ರ ವೈದ್ಯರ ಮೇಲೆ ಬರುತ್ತದೆ.

ಪ್ರಶ್ನೆ: ಕುರ್ಚಿಯಿಂದ ಬರುವ ನೀರು ಕುಡಿಯುವ ನೀರಿನಷ್ಟೇ ಶುದ್ಧವಾಗಿರುತ್ತದೆಯೇ? ಕುರ್ಚಿಗೆ ಜೋಡಿಸಿರುವ ನೀರಿನ ಬಾಟಲಿಯಲ್ಲಿ ಶುದ್ಧೀಕರಿಸಿದ ನೀರನ್ನೇ ತುಂಬಿಸಿದರೆ ಸಾಕಲ್ಲವೇ?

ಉತ್ತರ: ಸಾಲದು. ಬಾಟಲಿಗೆ ಎಂಥ ನೀರು ಹೋಗುತ್ತದೆ ಎನ್ನುವುದಕ್ಕಿಂತ ಹ್ಯಾಂಡ್‌ಪೀಸಿನ ತುದಿಯಲ್ಲಿ ಎಂಥ ನೀರು ಬರುತ್ತದೆ ಎನ್ನುವುದು ಮುಖ್ಯ. ನಡುವೆ ಇರುವುದು ಕೆಲವೇ ಮಿಲಿಮೀಟರ್ ಒಳವ್ಯಾಸದ ಪ್ಲಾಸ್ಟಿಕ್ ಕೊಳವೆ. ಇಷ್ಟು ಸಣ್ಣ ಕೊಳವೆಯಲ್ಲಿ ನೀರಿನ ಪ್ರಮಾಣಕ್ಕೆ ಹೋಲಿಸಿದರೆ ಗೋಡೆಯ ವಿಸ್ತೀರ್ಣ ಬಹಳ ಹೆಚ್ಚು. ರಾತ್ರಿಯಿಡೀ, ರಜೆಯಿಡೀ ನೀರು ನಿಂತಿರುತ್ತದೆ. ಸೂಕ್ಷ್ಮಜೀವಿಗಳು ಗೋಡೆಗೆ ಅಂಟಿ ಪದರ ಕಟ್ಟಿಕೊಳ್ಳುತ್ತವೆ. ಹಿಂದೊಮ್ಮೆ ನನ್ನ ಕುರ್ಚಿಯಿಂದ ಬಿಚ್ಚಿದ ಹಳೆಯ ಕೊಳವೆಯೊಂದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿದೆ. ಹೊರಗಿನಿಂದ ತಿಳಿಯಾಗಿ ಕಾಣುತ್ತಿದ್ದ ಆ ಕೊಳವೆಯ ಒಳಗೋಡೆ ಬೆರಳಿಗೆ ಪಾಚಿಗಟ್ಟಿದ ಕಲ್ಲಿನಂತೆ ಜಾರಿತು, ಉಗುರಿನಿಂದ ಕೆರೆದರೆ ಕಂದು ಲೋಳೆ ಎದ್ದುಬಂತು. ಆ ನೀರು ಅದುವರೆಗೆ ನನ್ನ ರೋಗಿಗಳ ಬಾಯಿಗೆ ಹೋಗುತ್ತಿತ್ತು ಎಂಬುದು ನನ್ನನ್ನು ಬಹಳ ದಿನ ಕಾಡಿತು.

ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ, ಸಾಮಾನ್ಯ ದಂತ ಚಿಕಿತ್ಸೆಯ ನೀರಿನಲ್ಲಿ ಪ್ರತಿ ಮಿಲಿಲೀಟರಿಗೆ ಬ್ಯಾಕ್ಟೀರಿಯಾಗಳ ಎಣಿಕೆ 500ನ್ನು ಮೀರಬಾರದೆಂದು ಹೇಳುತ್ತದೆ. ಪ್ರತಿ ರೋಗಿಯ ನಂತರ ಹ್ಯಾಂಡ್‌ಪೀಸಿನಿಂದ 20ರಿಂದ 30 ಸೆಕೆಂಡು ನೀರು ಮತ್ತು ಗಾಳಿಯನ್ನು ಬಿಡಬೇಕೆಂಬುದೂ ಅದರ ಸಲಹೆ. ಇದರಿಂದ ರೋಗಿಯ ಬಾಯಿಂದ ಹಿಂದಕ್ಕೆ ಸೇರಿದ್ದು ಹೊರಬರುತ್ತದೆ, ಆದರೆ ಗೋಡೆಯ ಪದರ ಹೋಗುವುದಿಲ್ಲ. ಅದಕ್ಕೆ ತಯಾರಕರು ಸೂಚಿಸಿದ ರಾಸಾಯನಿಕದಿಂದ ಕೊಳವೆಗಳನ್ನು ನಿಯಮಿತವಾಗಿ ಶುದ್ಧಗೊಳಿಸಬೇಕು, ಆಗಾಗ ನೀರನ್ನು ಪರೀಕ್ಷೆಗೆ ಕಳುಹಿಸಬೇಕು. ಇಟಲಿಯಲ್ಲಿ 82 ವರ್ಷದ ಮಹಿಳೆಯೊಬ್ಬರು ದಂತ ಚಿಕಿತ್ಸೆಯ ಕುರ್ಚಿಯ ನೀರಿನಿಂದ, ಶ್ವಾಸಕೋಶಕ್ಕೆ ಹಾನಿ ಮಾಡುವ ಲೀಜನೆಲ್ಲಾ ಬ್ಯಾಕ್ಟೀರಿಯಾದ ಸೋಂಕು ತಗುಲಿ ತೀರಿಕೊಂಡದ್ದು 2012ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಇಂಥದ್ದು ಅಪರೂಪ, ಆದರೂ ವಯಸ್ಸಾದವರೂ ರೋಗನಿರೋಧಕ ಶಕ್ತಿ ಕುಗ್ಗಿದವರೂ ನಮ್ಮ ಕುರ್ಚಿಗೆ ಪ್ರತಿದಿನ ಬರುತ್ತಾರೆ. ಆದ್ದರಿಂದ ಕೊಳ್ಳುವಾಗ ಪ್ರತ್ಯೇಕ ಬಾಟಲಿ ಇದೆಯೇ, ಬಾಯಿಯ ದ್ರವ ಹಿಂದಕ್ಕೆ ಎಳೆದುಕೊಳ್ಳದಂತೆ ತಡೆಯುವ ವಾಲ್ವ್ ಇದೆಯೇ, ಕೊಳವೆ ತೊಳೆಯುವ ವಿಧಾನವನ್ನು ತಯಾರಕರು ಲಿಖಿತವಾಗಿ ಕೊಡುತ್ತಾರೆಯೇ ಎಂದು ವಿಚಾರಿಸಿ. ಕುರ್ಚಿಗಳಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಐಎಸ್‌ಒ 7494 ಮಾನದಂಡದ ಎರಡನೆಯ ಭಾಗ ಗಾಳಿ, ನೀರು, ಸಕ್ಷನ್ ವ್ಯವಸ್ಥೆಗಳಿಗೇ ಮೀಸಲಾಗಿದೆ. ಕುರ್ಚಿ ಅದಕ್ಕೆ ಒಪ್ಪುತ್ತದೆಯೇ ಎಂಬ ದಾಖಲೆಯನ್ನು ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ಹೊದಿಕೆಗೆ ಯಾವ ಬಣ್ಣ ಒಳ್ಳೆಯದು? ಮಸಾಜ್ ಸೌಲಭ್ಯ ಬೇಕೇ?

ಉತ್ತರ: ಬಣ್ಣ ನಿಮ್ಮ ಇಷ್ಟ. ಹೊಲಿಗೆ ಮಾತ್ರ ಕಡಿಮೆಯಿರಲಿ, ಇಲ್ಲದಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಒರೆಸುವ ಬಟ್ಟೆ ಹೊಲಿಗೆಯ ಸಂದಿಗೆ ಇಳಿಯುವುದಿಲ್ಲ. ನೀವು ದಿನವೂ ಬಳಸುವ ಸೋಂಕುನಿವಾರಕವನ್ನು ಆ ಹೊದಿಕೆ ತಡೆದುಕೊಳ್ಳುತ್ತದೆಯೇ ಎಂದು ಮೊದಲೇ ಕೇಳಿ. ತಪ್ಪು ದ್ರಾವಣ ಒಂದೆರಡು ವರ್ಷದಲ್ಲೇ ಅದನ್ನು ಬಿರಿಯಿಸಬಹುದು. ಮಸಾಜ್ ಬೇಡ.

ಪ್ರಶ್ನೆ: ನಾನು ಏಳು ತಿಂಗಳ ಗರ್ಭಿಣಿ. ಹೋದ ವಾರ ಹಲ್ಲಿನ ಕುರ್ಚಿಯಲ್ಲಿ ಅಂಗಾತ ಮಲಗಿದಾಗ ತಲೆ ಸುತ್ತಿ, ಬೆವರು ಬಂತು. ಇದು ಹೆದರಿಕೆಯಿಂದಲೇ ಆದದ್ದೇ?

ಉತ್ತರ: ಹೆದರಿಕೆಯಿಂದಲೂ ಹಾಗಾಗಬಹುದು ತಾಯಿ, ಆದರೆ ನಿಮ್ಮ ಸ್ಥಿತಿಯಲ್ಲಿ ಇನ್ನೊಂದು ಕಾರಣವೂ ಇದೆ. ಗರ್ಭದ ಕೊನೆಯ ತಿಂಗಳುಗಳಲ್ಲಿ ಅಂಗಾತ ಮಲಗಿದಾಗ ತುಂಬಿದ ಗರ್ಭಕೋಶವು ಕಾಲು ಮತ್ತು ಹೊಟ್ಟೆಯಿಂದ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ರಕ್ತನಾಳವನ್ನು ಒತ್ತುತ್ತದೆ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ರಕ್ತದೊತ್ತಡ ಇಳಿಯುತ್ತದೆ. ಕೂಡಲೇ ಎಡ ಮಗ್ಗುಲಿಗೆ ಹೊರಳಿದರೆ ಒತ್ತಡ ಸರಿದು ಬೇಗ ಚೇತರಿಕೆಯಾಗುತ್ತದೆ. ಮುಂದಿನ ಸಲ ಕುರ್ಚಿಯನ್ನು ಪೂರ್ತಿ ಮಲಗಿಸದೆ ಅರ್ಧ ಒರಗಿಸಿ, ಬಲ ಸೊಂಟದಡಿಗೆ ಪುಟ್ಟ ದಿಂಬೊಂದನ್ನಿಟ್ಟು ಮೈ ಎಡಕ್ಕೆ ವಾಲುವಂತೆ ಮಾಡಲು ವೈದ್ಯರಿಗೆ ಹೇಳಿ. ಚಿಕಿತ್ಸೆಯನ್ನು ಸಣ್ಣ ಸಣ್ಣ ಭೇಟಿಗಳಾಗಿ ಹಂಚಿಕೊಳ್ಳಿ. ಆದದ್ದನ್ನು ನಿಮ್ಮ ಹೆರಿಗೆ ವೈದ್ಯರಿಗೂ ತಿಳಿಸಿ. ಹೃದಯದ ಕಾಯಿಲೆಯಿಂದ ಮಲಗಿದರೆ ಉಸಿರು ಕಟ್ಟುವವರಿಗೂ ಅರ್ಧ ಒರಗಿದ ಸ್ಥಿತಿಯೇ ಸರಿ. ರಕ್ತದೊತ್ತಡದ ಮಾತ್ರೆ ನುಂಗುವ ಹಿರಿಯರು ಚಿಕಿತ್ಸೆ ಮುಗಿದ ಕೂಡಲೇ ಏಳದೆ, ಕುರ್ಚಿ ನೇರವಾದ ಮೇಲೆ ಒಂದೆರಡು ನಿಮಿಷ ಕುಳಿತಿದ್ದು ಇಳಿಯಲಿ.

ಪ್ರಶ್ನೆ: ನಿವೃತ್ತರಾಗುತ್ತಿರುವ ವೈದ್ಯರೊಬ್ಬರು ತಮ್ಮ ಎಂಟು ವರ್ಷದ ಕುರ್ಚಿಯನ್ನು ಕೊಡುತ್ತೇನೆನ್ನುತ್ತಿದ್ದಾರೆ. ತೆಗೆದುಕೊಳ್ಳಬಹುದೇ?

ಉತ್ತರ: ಆ ಮಾದರಿಯ ಬಿಡಿಭಾಗಗಳು ಇನ್ನೂ ಸಿಗುತ್ತವೆಯೇ, ಕೆಟ್ಟರೆ ಒಂದೆರಡು ದಿನದೊಳಗೆ ಬಂದು ರಿಪೇರಿ ಮಾಡುವ ತಂತ್ರಜ್ಞರಿದ್ದಾರೆಯೇ ಎಂಬ ಎರಡು ಪ್ರಶ್ನೆಗೂ ಹೌದೆಂಬ ಉತ್ತರ ಸಿಕ್ಕಿದರೆ ಧಾರಾಳವಾಗಿ ತೆಗೆದುಕೊಳ್ಳಿ. ಎಷ್ಟೋ ವೇಳೆ ಕುರ್ಚಿಯನ್ನು ನಿಲ್ಲಿಸಿಬಿಡುವುದು ಒಂದು ರಬ್ಬರಿನ ಬಳೆಯೋ, ಒಂದು ಚಿಕ್ಕ ವಾಲ್ವೋ ಆಗಿರುತ್ತದೆ; ಅದು ಸಿಗದಿದ್ದರೆ ಇಡೀ ಕ್ಲಿನಿಕ್ ಬಾಗಿಲು ಹಾಕಬೇಕಾಗುತ್ತದೆ. ನೋಡಲು ಹೋದಾಗ ಕುರ್ಚಿಯನ್ನು ತುದಿಯವರೆಗೆ ಏರಿಸಿ, ಅದರ ಮೇಲೆ ಯಾರನ್ನಾದರೂ ಕೂರಿಸಿ, ಅರ್ಧ ಗಂಟೆ ಬಿಟ್ಟು ಎತ್ತರ ಇಳಿದಿದೆಯೇ ಅಳೆಯಿರಿ. ಬುಡದ ಮುಚ್ಚಳ ತೆಗೆಸಿ ಎಣ್ಣೆ ಅಥವಾ ನೀರಿನ ಕಲೆ ಇದೆಯೇ ನೋಡಿ. ಸಕ್ಷನ್ ಕೊಳವೆಯ ತುದಿಯನ್ನು ಒಂದು ಲೋಟ ನೀರಿಗೆ ಅದ್ದಿ, ಎಳೆಯುವ ರಭಸ ಕಡೆಯವರೆಗೆ ಒಂದೇ ಸಮನಿದೆಯೇ ಪರೀಕ್ಷಿಸಿ. ಕೊಂಡ ಮೇಲೆ, ಮೊದಲ ರೋಗಿಯನ್ನು ಕೂರಿಸುವ ಮುನ್ನ, ನೀರಿನ ಕೊಳವೆಗಳಷ್ಟನ್ನೂ ತೆಗೆಸಿ ಹೊಸದನ್ನು ಹಾಕಿಸಿ.